ಎರಡೂವರೆ ಇಂಚು ಹಿಮ

(ಸಾಗರದಲ್ಲಿ ಕಾಲೇಜು ವಿದ್ಯಾರ್ಥಿಗಳ ಮುಂದೆ ಆಡಿದ ಮಾತುಗಳ ಬರಹರೂಪ. ಮಾತಿನ ಓಟವನ್ನು ಆದಷ್ಟು ಹಾಗೇ ಬಿಟ್ಟಿದ್ದೇನೆ.)

ಹಿಮದ ಬಗ್ಗೆ ಮಾತಾಡಿ ಎಂದು ನಿಮ್ಮ ಮೇಷ್ಟ್ರು ಕೇಳಿದಾಗ ನನಗೆ ಮೊದಲು ನೆನಪಾದದ್ದು ನಮ್ಮಮ್ಮನ ಒಂದು ಫೋನು. 2014ರ ಜನವರಿ 28, ಮಂಗಳವಾರ, ರಾತ್ರಿ ಒಂಬತ್ತು ಗಂಟೆ. ಅಮೆರಿಕದ ಜಾರ್ಜಿಯಾ ರಾಜ್ಯದ ಅಟ್ಲಾಂಟಾದಲ್ಲಿ, ಹೆದ್ದಾರಿಯ ಮಧ್ಯೆ, ಎಂಟು ಗಂಟೆಗಳಿಂದ ನಾನು ಕಾರಿನೊಳಗೆ ಕೂತಿದ್ದೆ. ಇಲ್ಲಿ ಆಗ ಬುಧವಾರ ಬೆಳಿಗ್ಗೆ ಏಳೂವರೆ. ಅಮ್ಮ ಟಿವಿಯಲ್ಲಿ ನೋಡಿ ಗಾಬರಿಯಾಗಿದ್ದಳು. "ಮಂಜು ಬಿದ್ದಿದ್ಯಂತೆ, ಹೌದನೇ ಕೂಸೇ? ಅವಸರ ಮಾಡ್ಬೇಡ. ಬಿಸಿಲು ಏರಿದ್ಮೇಲೆ ಹೊರಡು."

ಅವಳ ಮಂಜು ನಮ್ಮ ತೋಟದ ಮಂಜು. ಬೆಳಿಗ್ಗೆ ಅಡಿಕೆ ಮರದ ನಡುವೆ ಹೊಗೆ ಹಾಗೆ ನಿಂತಿರುತ್ತದೆ, ಹತ್ತು ಗಂಟೆಯ ಹೊತ್ತಿಗೆ ಹರಿದುಹೋಗುತ್ತದೆ. ಮಡಿಕೇರಿಯನ್ನು ಮಂಜಿನ ನಗರಿ ಅನ್ನುತ್ತೇವೆ, ಫ್ರಿಜ್ಜಿನಲ್ಲಿ ಕಟ್ಟುವುದು ಮಂಜುಗಡ್ಡೆ, ಹಿಮಾಲಯದಲ್ಲಿ ಬೀಳುವುದೂ ಮಂಜೇ. ಮಳೆಗಾದರೆ ನಮ್ಮಲ್ಲಿ ಎಷ್ಟು ಹೆಸರು ನೋಡಿ. ಸೋನೆ, ಜಡಿಮಳೆ, ಆರಿದ್ರೆ, ಪುನರ್ವಸು, ಪುಷ್ಯ, ಆಶ್ಲೇಷ. ಒಂದೊಂದು ಮಳೆಯ ಸ್ವಭಾವ ಬೇರೆ, ಅದು ಬಂದಾಗ ಮಾಡುವ ಕೆಲಸ ಬೇರೆ. ಆಕಾಶದಿಂದ ಹತ್ತಿಯ ಹಾಗೆ ಉದುರಿ ನೆಲದ ಮೇಲೆ ಕೂರುವ ಆ ಬಿಳಿ ವಸ್ತುವಿಗೆ ಹಿಮ ಅನ್ನುವ ಒಂದು ಮಾತಿದೆ, ಅದೂ ಪುಸ್ತಕದ ಮಾತು. ಅಡುಗೆಮನೆಯಲ್ಲಿ ಯಾರೂ ಅದನ್ನು ಆಡುವುದಿಲ್ಲ. ಆಡುವ ಪ್ರಸಂಗವೇ ನಮಗೆ ಬಂದಿಲ್ಲ.

ಅಟ್ಲಾಂಟಾದ ಜನಕ್ಕೆ ಹಿಮ ನಮ್ಮಷ್ಟು ಅಪರಿಚಿತವಲ್ಲ. ಆದರೂ ಅದು ಅವರಿಗೆ ಅಪರೂಪಕ್ಕೆ ಬರುವ ನೆಂಟ. ಅಮೆರಿಕ ಎಂದರೆ ಚಳಿ, ಹಿಮ ಎಂದು ನಮ್ಮ ಮನಸ್ಸಿನಲ್ಲಿ ಕೂತುಬಿಟ್ಟಿದೆಯಲ್ಲ, ಜಾರ್ಜಿಯಾ ಹಾಗಿಲ್ಲ. ಅದು ದಕ್ಷಿಣದ ಸೀಮೆ. ಕೆಂಪು ಮಣ್ಣು, ಬೇಸಿಗೆಯಲ್ಲಿ ಬೆವರು ಇಳಿಸುವ ಸೆಕೆ, ಪೀಚ್ ಹಣ್ಣು, ಕಡಲೇಕಾಯಿ. ಉತ್ತರದ ಬಫಲೋ ನಗರದಲ್ಲಿ ವರ್ಷಕ್ಕೆ ಸರಾಸರಿ 95 ಇಂಚಿನಷ್ಟು ಹಿಮ ಬೀಳುತ್ತದೆ. ಅಟ್ಲಾಂಟಾದ ಸರಾಸರಿ ಎರಡು ಇಂಚಿನ ಆಸುಪಾಸು, ಕೆಲವು ವರ್ಷ ಅದೂ ಇಲ್ಲ. ನಾನು ಹೇಳುತ್ತಿರುವ ಆ ಮಂಗಳವಾರ ಬಿದ್ದದ್ದು ಎರಡೂವರೆ ಇಂಚು. ನಿಮ್ಮ ಕಿರುಬೆರಳು ಮುಳುಗುವಷ್ಟು. ಅಷ್ಟಕ್ಕೆ ಐವತ್ತು ಲಕ್ಷಕ್ಕೂ ಹೆಚ್ಚು ಜನರಿರುವ ಮಹಾನಗರ ಒಂದಿಡೀ ದಿನ ಕಟ್ಟಿಹಾಕಿದ ಹಾಗಾಯಿತು.

ಅದಾದ ಮೇಲೆ ಉತ್ತರದ ಊರುಗಳ ಜನ ನಮ್ಮನ್ನು ನೋಡಿ ನಕ್ಕದ್ದು ಅಷ್ಟಿಷ್ಟಲ್ಲ. ಎರಡು ಇಂಚಿಗೆ ಹೆದರಿ ಸತ್ತರು, ಇವರಿಗೆ ಕಾರು ಓಡಿಸಲು ಬರುವುದಿಲ್ಲ, ಹೀಗೆ. ಅವತ್ತು ರಾತ್ರಿಯಿಡೀ ನಾನು ಜನರನ್ನು ಹತ್ತಿರದಿಂದ ನೋಡಿದ್ದೇನೆ. ಆ ನಗುವಿಗೆ ಆಧಾರವಿಲ್ಲ ಎಂದು ನಿಮ್ಮ ಮುಂದೆ ನಿಂತು ಹೇಳುತ್ತೇನೆ. ಜನ ಹೆದರಿದ್ದರಿಂದ ಊರು ನಿಂತಿತು ಅನ್ನುವುದು ತಪ್ಪು ತಿಳಿವಳಿಕೆ. ಬೆಳಿಗ್ಗೆ ಹೆದರಿದ್ದರೆ ಎಲ್ಲರೂ ಮನೆಯಲ್ಲೇ ಇರುತ್ತಿದ್ದೆವು.

ನಡೆದದ್ದು ಹೀಗೆ. ಹಿಮವೆಲ್ಲ ನಗರದ ದಕ್ಷಿಣಕ್ಕೆ ಹೆಚ್ಚು ಬೀಳುತ್ತದೆ, ನಮಗೆ ಸ್ವಲ್ಪ ಅಷ್ಟೆ ಎಂದು ಸೋಮವಾರದವರೆಗೆ ಎಲ್ಲರೂ ಅಂದುಕೊಂಡಿದ್ದರು. ಮಂಗಳವಾರ ಬೆಳಗಿನ ಜಾವ ಹವಾಮಾನ ಇಲಾಖೆ ಎಚ್ಚರಿಕೆಯ ಮಟ್ಟವನ್ನು ಏರಿಸಿತು. ಅಷ್ಟು ಹೊತ್ತಿಗೆ ಯಾರು ಎದ್ದಿರುತ್ತಾರೆ? ಶಾಲೆಗಳು ತೆರೆದವು, ಕಚೇರಿಗಳು ತೆರೆದವು. ಒಂದನೇ ತರಗತಿಯಲ್ಲಿದ್ದ ಮಗಳನ್ನು ಬಸ್ಸು ಹತ್ತಿಸಿ, ಮಾರಿಯೆಟಾದ ಮನೆಯಿಂದ ನಗರದ ನಡುವಿನ ಕಚೇರಿಗೆ ನಾನು ಎಂದಿನ ಹಾಗೆ ಹೋದೆ. ಆಕಾಶ ಬೂದು ಬಣ್ಣಕ್ಕಿತ್ತು, ಗಾಳಿ ಇರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಕಿಟಕಿಯ ಹೊರಗೆ ಮೊದಲ ಹಳಕುಗಳು ಕಾಣಿಸಿದವು. ಆ ಕ್ಷಣವನ್ನು ನಾನು ಮರೆಯಲಾರೆ. ಇಡೀ ಮಹಡಿಯ ಜನ ಕೆಲಸ ಬಿಟ್ಟು ಕಿಟಕಿಗೆ ಬಂದರು. ಐವತ್ತು ದಾಟಿದವರ ಮುಖದಲ್ಲೂ ಮಕ್ಕಳ ಖುಷಿ. ಒಬ್ಬಾಕೆ ಹೊರಗೋಡಿ ಅಂಗೈ ಚಾಚಿ ನಿಂತಳು. ನಾನೂ ಹೋದೆ. ಕಪ್ಪು ಕೋಟಿನ ತೋಳಿನ ಮೇಲೆ ಒಂದು ಹಳಕು ಬಿತ್ತು. ಆರು ಎಸಳು, ಬೆಳ್ಳಿಯ ಕುಸುರಿ ಕೆಲಸದ ಹಾಗೆ. ಉಸಿರು ತಾಕಿದ್ದೇ ಕರಗಿ ಒಂದು ಹನಿ ನೀರಾಯಿತು.

ಒಂದು ಗಂಟೆಗೆ ಎಲ್ಲರೂ ಮನೆಗೆ ಹೊರಡಿ ಎಂದರು. ನಮ್ಮ ಕಚೇರಿ ಮಾತ್ರವಲ್ಲ, ಸರ್ಕಾರಿ ಕಚೇರಿ, ಬ್ಯಾಂಕು, ಶಾಲೆ ಎಲ್ಲವೂ ಹೆಚ್ಚುಕಡಿಮೆ ಅದೇ ಹೊತ್ತಿಗೆ ಬಾಗಿಲು ಹಾಕಿದವು. ಲಕ್ಷಾಂತರ ಕಾರುಗಳು ಒಟ್ಟಿಗೆ ರಸ್ತೆಗೆ ಇಳಿದವು. ಜಾತ್ರೆ ಮುಗಿದ ಮೇಲೆ ರಥಬೀದಿಯಿಂದ ಒಂದೇ ಸಲ ಜನ ಹೊರಟರೆ ಏನಾಗುತ್ತದೆ ನಿಮಗೆ ಗೊತ್ತು. ಅದರ ಜೊತೆಗೆ ಬೀದಿ ಜಾರುವ ಹಾಗಿದ್ದರೆ?

ಜಾರಿಕೆಯ ಬಗ್ಗೆ ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಇದು ಎರಡು ಇಂಚಿನ ಪ್ರಶ್ನೆಯೇ ಅಲ್ಲ. ಮೊದಲು ಬಿದ್ದ ಹಿಮವನ್ನು ಸಾವಿರಾರು ಟೈರುಗಳು ಅರೆದು, ತಮ್ಮ ಬಿಸಿಗೆ ಕರಗಿಸಿ ನೀರು ಮಾಡಿದವು. ವಾಹನಗಳು ನಿಂತವು. ಉಷ್ಣಾಂಶ ಇಳಿಯುತ್ತಾ ಹೋಯಿತು. ಆ ನೀರು ರಸ್ತೆಯ ಮೇಲೆ ಗಾಜಿನ ಹಾಳೆಯಂತೆ ಹೆಪ್ಪುಗಟ್ಟಿತು. ಟಾರಿನ ಕಪ್ಪು ಅದರೊಳಗಿಂದ ಹಾಗೇ ಕಾಣುವುದರಿಂದ ಅಲ್ಲಿಯವರು ಅದನ್ನು ಕಪ್ಪು ಮಂಜುಗಡ್ಡೆ ಅನ್ನುತ್ತಾರೆ. ಗಂಟೆಗೆ 50 ಕಿಲೋಮೀಟರ್ ವೇಗದ ಕಾರು ಒಣ ರಸ್ತೆಯಲ್ಲಿ ಬ್ರೇಕ್ ಒತ್ತಿದ ಮೇಲೆ ಹದಿನೈದು ಮೀಟರಿನಷ್ಟರಲ್ಲಿ ನಿಲ್ಲುತ್ತದೆ. ಇಂಥ ಗಡ್ಡೆಯ ಮೇಲೆ ನೂರು ಮೀಟರಿನ ಹತ್ತಿರ ಬೇಕು. ಇನ್ನೊಂದು ವಿಷಯ ನನಗೆ ಆಮೇಲೆ ಓದಿ ತಿಳಿದದ್ದು. ಮೈನಸ್ ಇಪ್ಪತ್ತರ ಕೊರೆಯುವ ಚಳಿಯಲ್ಲಿರುವ ಗಡ್ಡೆಗಿಂತ ಸೊನ್ನೆಯ ಹತ್ತಿರ ಇರುವ ಗಡ್ಡೆ ಹೆಚ್ಚು ಜಾರುತ್ತದೆ, ಅದರ ಮೈಮೇಲೆ ತೆಳುವಾದ ನೀರಿನ ಪದರ ಇರುವುದರಿಂದ. ಹಾಗಾಗಿ ನಕ್ಕ ಉತ್ತರದವರ ಒಣ ಹಿಮಕ್ಕಿಂತ ನಮ್ಮ ಒದ್ದೆ ಹಿಮವೇ ಒಮ್ಮೊಮ್ಮೆ ಹೆಚ್ಚು ಅಪಾಯ. ಅವರ ಟೈರಿನ ರಬ್ಬರು ಚಳಿಯಲ್ಲೂ ಮೆತ್ತಗಿದ್ದು ನೆಲ ಹಿಡಿಯುತ್ತದೆ. ನಮ್ಮದು ಬಿಸಿಲಿಗೆ ಮಾಡಿದ್ದು, ಚಳಿಗೆ ಬಿರುಸಾಗುತ್ತದೆ. ಅಟ್ಲಾಂಟಾ ಬೇರೆ ಏರಿಳಿತಗಳ ಊರು.

ಉಪ್ಪು ಹಾಕಬಾರದಿತ್ತೇ ಎಂದು ಕೇಳುತ್ತೀರಿ. ಉಪ್ಪು ಬೆರೆತ ನೀರು ಸೊನ್ನೆಯಲ್ಲಿ ಹೆಪ್ಪುಗಟ್ಟುವುದಿಲ್ಲ, ಇನ್ನೂ ಕೆಳಗೆ ಹೋಗಬೇಕು. ಅದಕ್ಕೇ ರಸ್ತೆಗೆ ಉಪ್ಪು ಎರಚುತ್ತಾರೆ. ಲಾರಿಗಳೂ ಇದ್ದವು, ಉಪ್ಪೂ ಇತ್ತು. ಆದರೆ ಆ ಲಾರಿಗಳು ನಮ್ಮ ಕಾರುಗಳ ಸಾಲಿನ ಹಿಂದೆ ನಿಂತಿದ್ದವು! ಹದಿನೆಂಟು ಚಕ್ರದ ಸರಕು ಲಾರಿಗಳು ದಿಬ್ಬ ಹತ್ತಲಾರದೆ ಅಡ್ಡಡ್ಡ ತಿರುಗಿ ರಸ್ತೆಗೆ ಬೇಲಿ ಹಾಕಿದ ಹಾಗೆ ನಿಂತಿದ್ದವು. ಜಾರ್ಜಿಯಾದಲ್ಲಿ ಸಾವಿರಕ್ಕೂ ಹೆಚ್ಚು ಅಪಘಾತಗಳಾದವು. ವರ್ತುಲ ಹೆದ್ದಾರಿಯಲ್ಲಿ, ನಿಂತ ಕಾರಿನೊಳಗೆ, ಒಂದು ಹೆಣ್ಣುಮಗು ಹುಟ್ಟಿತು. ಹೆರಿಗೆಗೆ ನೆರವಾದದ್ದು ಒಬ್ಬ ಪೊಲೀಸ್ ಅಧಿಕಾರಿ. ಎರಡು ಸಾವಿರಕ್ಕೂ ಹೆಚ್ಚು ಮಕ್ಕಳು ಶಾಲೆಯಲ್ಲೇ ರಾತ್ರಿ ಕಳೆದರು. ಕೆಲವು ಮಕ್ಕಳನ್ನು ಬಸ್ಸುಗಳಿಂದ ಇಳಿಸಿ ಕರೆತರಲು ನ್ಯಾಷನಲ್ ಗಾರ್ಡ್ ಸೈನಿಕರು ಹೋಗಬೇಕಾಯಿತು.

ನನ್ನ ಮಗಳು ಶಾಲೆಯಲ್ಲಿ ಉಳಿದ ಮಕ್ಕಳಲ್ಲಿ ಒಬ್ಬಳು. ನಮ್ಮ ಯಜಮಾನರು ಕೆಲಸದ ಮೇಲೆ ಬೇರೆ ಊರಿಗೆ ಹೋಗಿದ್ದರು. ಸಂಜೆ ಆರಕ್ಕೆ ಅವಳ ಟೀಚರ್ ಫೋನ್ ಮಾಡಿ, "ನಾವೆಲ್ಲ ಇಲ್ಲೇ ಇರುತ್ತೇವೆ, ಒಬ್ಬ ಮಗುವನ್ನೂ ಬಿಟ್ಟು ಹೋಗುವುದಿಲ್ಲ" ಎಂದರು. ಆ ಟೀಚರಿಗೂ ಮನೆಯಲ್ಲಿ ಚಿಕ್ಕ ಮಕ್ಕಳಿದ್ದರು. ಫೋನಿನಲ್ಲಿ ಮಗಳ ದನಿ ಕೇಳಿತು: "ಅಮ್ಮಾ, ಜಿಮ್ಮಿನಲ್ಲಿ ಚಾಪೆ ಹಾಕಿದ್ದಾರೆ. ನಿಧಾನ ಬಾ." ನಿಧಾನ ಬಾ ಅನ್ನುವುದು ನಾನು ದಿನಾ ಅವಳಿಗೆ ಹೇಳುತ್ತಿದ್ದ ಮಾತು. ಕಾರಿನ ಗಾಜಿನ ಮೇಲೆ ಹಿಮ ಕೂರುತ್ತಿತ್ತು, ನಾನು ಅಳುತ್ತಿದ್ದೆ.

ಮುಂದಿನ ಕಾರಿನವರು ವಯಸ್ಸಾದ ದಂಪತಿ. ಅವರ ಕಾರಿನ ಚಕ್ರ ಒಂದೇ ಕಡೆ ಗಿರಗಿರ ತಿರುಗುತ್ತಿತ್ತು. ಪಕ್ಕದ ಲಾರಿಯ ಡ್ರೈವರ್ ಇಳಿದು ಬಂದು, ಕಾರಿನೊಳಗಿನ ಕಾಲೊರಸನ್ನು ಕಿತ್ತು ಚಕ್ರದ ಕೆಳಗೆ ತುರುಕಿದ. ಇನ್ನೊಬ್ಬಳು ಡಿಕ್ಕಿಯಿಂದ ಬೆಕ್ಕಿನ ಮಣ್ಣಿನ ಚೀಲ ತಂದಳು. ಬೆಕ್ಕು ಸಾಕುವವರು ಮನೆಯೊಳಗೆ ತಟ್ಟೆಗೆ ಹಾಕುವ ಹರಳು ಮಣ್ಣು ಅದು. ಅದನ್ನು ಚಕ್ರದ ಮುಂದೆ ಎರಚಿ ನಾಲ್ಕು ಜನ ನೂಕಿದೆವು, ಕಾರು ಇಪ್ಪತ್ತು ಅಡಿ ಮುಂದೆ ಹೋಯಿತು. ಇಪ್ಪತ್ತು ಅಡಿಗೆ ಎಲ್ಲರೂ ಚಪ್ಪಾಳೆ ತಟ್ಟಿದರು. ನನ್ನ ಚೀಲದಲ್ಲಿ ಸಂಕ್ರಾಂತಿಯ ಎಳ್ಳು ಬೆಲ್ಲದ ಎರಡು ಪೊಟ್ಟಣ ಉಳಿದಿದ್ದವು, ಹಿಂದಿನ ವಾರ ಕನ್ನಡದವರೆಲ್ಲ ಸೇರಿದ್ದಾಗ ಕೊಟ್ಟದ್ದು. ಅದನ್ನೇ ಹಂಚಿದೆ. ಲಾರಿಯವನು ಕೊಬ್ಬರಿ ಚೂರನ್ನು ಬೆರಳಲ್ಲಿ ಹಿಡಿದು ಇದು ಏನು ಎಂದು ಕೇಳಿದ. ಚಳಿಗಾಲದ ತಿಂಡಿ, ಇದನ್ನು ತಿಂದರೆ ಒಳ್ಳೆಯ ಮಾತಾಡಬೇಕು ಎಂದೆ.

ಹನ್ನೊಂದು ಗಂಟೆಗೆ ಪೆಟ್ರೋಲು ಮುಗಿಯುತ್ತಾ ಬಂತು. ಕಾರನ್ನು ಬದಿಗೆ ಬಿಟ್ಟು ನಡೆದೆ. ಇಲ್ಲಿ ನನಗೆ ಈ ಊರಿನ ನೆಲ ಕಲಿಸಿದ್ದು ಉಪಯೋಗಕ್ಕೆ ಬಂತು. ಶ್ರಾವಣದ ಹೊತ್ತಿಗೆ ನಮ್ಮ ಅಂಗಳ ಹೇಗಿರುತ್ತದೆ, ಹಾವಸೆ ಕಟ್ಟಿ ಹಸಿರು ಗಾಜಾಗಿರುತ್ತದೆ. ಅಜ್ಜಿ ಹೇಳುತ್ತಿದ್ದಳು, ಹೆಜ್ಜೆ ಚಿಕ್ಕದಿಡು, ಹಿಮ್ಮಡಿ ಊರಬೇಡ, ಅಂಗಾಲು ಪೂರ್ತಿ ಇಟ್ಟ ಮೇಲೆ ಮೈಭಾರ ಬಿಡು. ಉತ್ತರದ ಊರುಗಳಲ್ಲಿ ಮಕ್ಕಳಿಗೆ ಪೆಂಗ್ವಿನ್ ನಡಿಗೆ ಎಂದು ಕಲಿಸುವುದೂ ಇದನ್ನೇ. ನನ್ನ ಜೊತೆ ನಡೆಯುತ್ತಿದ್ದವರಿಗೆ ಅಜ್ಜಿಯ ಪಾಠ ಹೇಳಿಕೊಟ್ಟೆ. ಮುಕ್ಕಾಲು ಗಂಟೆ ನಡೆದು ಒಂದು ದಿನಸಿ ಮಳಿಗೆ ಮುಟ್ಟಿದೆವು. ಅವರು ಬಾಗಿಲು ತೆರೆದಿಟ್ಟಿದ್ದರು. ಬ್ರೆಡ್ಡಿನ ಕಪಾಟು, ಹಾಲಿನ ಕಪಾಟು ಎರಡೂ ಖಾಲಿ. ಹಿಮದ ಸುದ್ದಿ ಬಂದರೆ ದಕ್ಷಿಣದ ಜನ ಮೊದಲು ಕೊಳ್ಳುವುದು ಹಾಲು ಮತ್ತು ಬ್ರೆಡ್ಡು. ಇದಕ್ಕೂ ಬೇರೆಯವರು ನಗುತ್ತಾರೆ. ಅದು ನನಗೆ ನಗುವ ಸಂಗತಿಯಾಗಿ ಕಾಣುವುದಿಲ್ಲ. ಮಳೆಗಾಲಕ್ಕೆ ಮುಂಚೆ ನಾವು ಹಪ್ಪಳ, ಸಂಡಿಗೆ, ಉಪ್ಪಿನಕಾಯಿ ಜೋಡಿಸಿಕೊಳ್ಳುವುದಿಲ್ಲವೇ? ನಮಗೆ ಜೋಡಿಸಲು ಬೇಸಿಗೆಯ ಮೂರು ತಿಂಗಳು ಸಿಗುತ್ತದೆ, ಅವರಿಗೆ ಒಂದು ಸಂಜೆ ಸಿಕ್ಕಿತ್ತು. ಅಕ್ಕಿ ಬೇಳೆಯ ಸಾಲಿನ ನಡುವೆ ರಟ್ಟು ಹಾಸಿಕೊಂಡು ನೂರರ ಹತ್ತಿರ ಜನ ಮಲಗಿದೆವು.

ನಾನು ಮಲೆನಾಡಿನ ಮಾತು ತೆಗೆದದ್ದಕ್ಕೆ ಕಾರಣವಿದೆ. ಆಗುಂಬೆಯಲ್ಲಿ ವರ್ಷಕ್ಕೆ ಏಳು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ. ಅದರ ಕಾಲುಭಾಗ ಒಮ್ಮೆಗೇ ಬಯಲುಸೀಮೆಯ ಒಂದು ಊರಿಗೆ ಬಿದ್ದರೆ ಆ ಊರು ಉಳಿಯುತ್ತದೆಯೇ? ಆಗ ನಾವು, ಅಯ್ಯೋ ಅವರಿಗೆ ಮಳೆಯಲ್ಲಿ ಬದುಕಲು ಬರುವುದಿಲ್ಲ ಎಂದು ನಗುತ್ತೇವೆಯೇ? ನಾವು ಮಳೆಗೆ ಹೆದರದಿರುವುದು ನಮ್ಮ ಎದೆಗಾರಿಕೆಯಿಂದಲ್ಲ. ಚೌತಿಯವರೆಗೆ ಸಾಲುವಷ್ಟು ಸೌದೆ ಕೊಟ್ಟಿಗೆಯಲ್ಲಿರುತ್ತದೆ. ಮಾಡಿನ ಇಳಿಜಾರು ಸರಿಯಾಗಿರುತ್ತದೆ. ಅಡಿಕೆ ಗೊನೆಗೆ ಮಳೆ ತಾಗದಂತೆ ಕೊಟ್ಟೆ ಕಟ್ಟಿರುತ್ತಾರೆ. ಹಳ್ಳಕ್ಕೆ ಕಾಲುಸಂಕ ಇರುತ್ತದೆ, ಅದು ಎಷ್ಟು ನೀರಿಗೆ ಮುಳುಗುತ್ತದೆ ಎಂದು ಮಕ್ಕಳಿಗೂ ಗೊತ್ತಿರುತ್ತದೆ. ಇದೆಲ್ಲ ನಾಲ್ಕಾರು ತಲೆಮಾರು ಕೂಡಿಸಿಟ್ಟದ್ದು. ಬಫಲೋದವರ ಧೈರ್ಯವೂ ಇಂಥದ್ದೇ. ಉಪ್ಪಿನ ರಾಶಿ, ಹಿಮ ತಳ್ಳುವ ಲಾರಿ, ಚಳಿಗಾಲದ ಟೈರು, ಡಿಕ್ಕಿಯಲ್ಲಿ ಸದಾ ಇರುವ ಸಲಿಕೆ ಮತ್ತು ಕಂಬಳಿ. ಎರಡು ವರ್ಷಕ್ಕೊಮ್ಮೆ ಬರುವ ಹಿಮಕ್ಕೆ ಅಷ್ಟನ್ನೆಲ್ಲ ಕೊಂಡು ಇಡು ಎಂದು ಅಟ್ಲಾಂಟಾಗೆ ಹೇಳುವುದು ಬಳ್ಳಾರಿಯವರಿಗೆ ಮಳೆಗೆ ಹೊದೆಯುವ ಗೊರಬು ಹೊಲಿಸಿಕೊಳ್ಳಿ ಎಂದ ಹಾಗೆ.

ಹಾಗಾದರೆ ಅವರು ಮಾಡಬಹುದಾಗಿದ್ದದ್ದು ಏನು? ಅದಕ್ಕೂ ಉತ್ತರ ನಿಮ್ಮಲ್ಲೇ ಇದೆ. ಜುಲೈ ತಿಂಗಳ ಒಂದು ಜೋರು ಮಳೆಯ ರಾತ್ರಿ ನೆನಪಿಸಿಕೊಳ್ಳಿ. ಮಕ್ಕಳು ಮನೆಯಿಂದ ಹೊರಡುವ ಮುಂಚೆ ಮಳೆ ರಜೆಯ ಸುದ್ದಿ ಬಂದುಬಿಡುತ್ತದೆ. ಬೆಳಿಗ್ಗೆ ಬಿಸಿಲು ಬಂದರೆ ಜಿಲ್ಲಾಧಿಕಾರಿಗಳನ್ನು ಆಡಿಕೊಳ್ಳುತ್ತೇವೆ, ಸುಮ್ಮನೆ ರಜೆ ಕೊಟ್ಟರು ಎಂದು. ಆಡಿಕೊಳ್ಳಲಿ. ಹೊರಡುವ ಮುಂಚೆ ಹೇಳುವುದರಲ್ಲೇ ಎಲ್ಲ ಇದೆ. ಮಧ್ಯಾಹ್ನ ಹಳ್ಳ ತುಂಬಿದ ಮೇಲೆ ಶಾಲೆ ಬಿಟ್ಟರೆ ಮಕ್ಕಳು ಸಂಕದ ಮೇಲಿರುತ್ತಾರೆ. ಅಟ್ಲಾಂಟಾದಲ್ಲಿ ಅವತ್ತು ಆದದ್ದು ಅದು. ಮೇಯರ್ ಕಾಸಿಂ ರೀಡ್ ಆಮೇಲೆ ಇದನ್ನು ಬಹಿರಂಗವಾಗಿ ಒಪ್ಪಿಕೊಂಡರು, ಎಲ್ಲರನ್ನೂ ಒಟ್ಟಿಗೆ ಬಿಡದೆ ಸರದಿಯ ಮೇಲೆ ಬಿಡಬೇಕಿತ್ತು ಎಂದು. ರಾಜ್ಯಪಾಲ ನೇಥನ್ ಡೀಲ್ ಕ್ಷಮೆ ಕೇಳಿದರು. ಅಲ್ಲಿ ರಾಜ್ಯಪಾಲರೆಂದರೆ ಚುನಾಯಿತರು, ನಮ್ಮ ಮುಖ್ಯಮಂತ್ರಿಗಳ ಹಾಗೆ. ಬೇಸರದ ಸಂಗತಿ ಎಂದರೆ 1982ರ ಜನವರಿಯಲ್ಲೂ ಅದೇ ಊರಿನಲ್ಲಿ, ಅದೇ ಮಂಗಳವಾರ ಮಧ್ಯಾಹ್ನ, ಹೀಗೆಯೇ ಆಗಿತ್ತು. ಮೂವತ್ತೆರಡು ವರ್ಷಕ್ಕೆ ಊರು ಅದನ್ನು ಮರೆತಿತ್ತು. ಅಪರೂಪಕ್ಕೆ ಬರುವುದರ ನಿಜವಾದ ಅಪಾಯ ಇದು ಎಂದು ನನಗನ್ನಿಸುತ್ತದೆ. ಕಲಿತದ್ದು ಮುಂದಿನ ಸಲ ಬರುವಷ್ಟರಲ್ಲಿ ಕಲಿತವರೇ ನಿವೃತ್ತರಾಗಿರುತ್ತಾರೆ.

ಖುಷಿಯ ಬಗ್ಗೆಯೂ ಹೇಳಬೇಕು, ಕಚೇರಿಯ ಕಿಟಕಿಯಲ್ಲಿ ಕಂಡೆನಲ್ಲ, ಅದು. ಬಾಗ್ದಾದಿನಲ್ಲಿ 2008ರ ಜನವರಿಯಲ್ಲಿ ಹಿಮ ಬಿತ್ತು. ಯುದ್ಧದ ನಡುವೆ ಇದ್ದ ಊರು. ಇದ್ದ ಹಿರಿಯರಲ್ಲಿ ಯಾರೂ ಅಲ್ಲಿ ಹಿಮ ಕಂಡಿರಲಿಲ್ಲ. ಜನ ಬೀದಿಗೆ ಬಂದು ಮುಖ ಮೇಲೆತ್ತಿ ನಿಂತರು, ಇದು ಶಾಂತಿಯ ಸೂಚನೆ ಎಂದುಕೊಂಡರು. 2020ರ ಫೆಬ್ರುವರಿಯಲ್ಲಿ ಇನ್ನೊಮ್ಮೆ ಬಿತ್ತು. 2018ರಲ್ಲಿ ರೋಮ್ ನಗರಕ್ಕೆ ಕೆಲವೇ ಸೆಂಟಿಮೀಟರ್ ಹಿಮ ಬಿದ್ದು ಶಾಲೆಗಳಿಗೆ ರಜೆ ಕೊಟ್ಟಾಗ, ಸಂತ ಪೀಟರನ ಚೌಕದಲ್ಲಿ ಕಪ್ಪು ನಿಲುವಂಗಿಯ ಪಾದ್ರಿಗಳು ಒಬ್ಬರಿಗೊಬ್ಬರು ಹಿಮದ ಉಂಡೆ ಎಸೆದುಕೊಂಡು ಆಡಿದರು.

ಈ ಖುಷಿ ಕೈಕೊಡುವುದೂ ಉಂಟು. 2016ರ ಜನವರಿ 24ರಂದು ಹಾಂಗ್‌ಕಾಂಗಿನಲ್ಲಿ ಉಷ್ಣಾಂಶ 3.1 ಡಿಗ್ರಿಗೆ ಇಳಿಯಿತು, ಸುಮಾರು ಅರವತ್ತು ವರ್ಷಗಳಲ್ಲೇ ಕಡಿಮೆ. ಅಲ್ಲಿನ ಅತಿ ಎತ್ತರದ ಬೆಟ್ಟ ತೈ ಮೊ ಶಾನ್. ನೆತ್ತಿಯಲ್ಲಿ ಹುಲ್ಲಿನ ಮೇಲೆ ಗಡ್ಡೆ ಕಟ್ಟಿದೆಯಂತೆ ಎಂದು ಕೇಳಿ ಜನ ಗುಂಪುಗುಂಪಾಗಿ ಹತ್ತಿದರು, ತೆಳು ಜಾಕೆಟ್ಟು, ಸಾದಾ ಬೂಟು. ಇಳಿಯುವ ರಸ್ತೆ ಗಾಜಾಗಿತ್ತು. ನೂರಕ್ಕೂ ಹೆಚ್ಚು ಜನ ಸಿಕ್ಕಿಬಿದ್ದರು. ಅವರನ್ನು ಇಳಿಸಲು ಹೋದ ಅಗ್ನಿಶಾಮಕ ದಳದವರೇ ಕೂತು, ಜಾರುತ್ತಾ ಇಳಿಯಬೇಕಾಯಿತು.

ಇದು ನಿಮಗೆ ದೂರದ ಕಥೆ ಅನ್ನಿಸಬಾರದು. 2020ರ ಅಕ್ಟೋಬರಿನಲ್ಲಿ ಅಟಲ್ ಸುರಂಗ ತೆರೆದ ಮೇಲೆ ಮನಾಲಿಯಿಂದ ಲಾಹೌಲ್ ಕಣಿವೆಗೆ ಹೋಗುವುದು ಬಹಳ ಸಲೀಸಾಗಿದೆ. ಡಿಸೆಂಬರ್ ರಜೆಯಲ್ಲಿ ಕರ್ನಾಟಕದಿಂದಲೂ ಜನ ಹಿಮ ನೋಡಲೆಂದೇ ಹೋಗುತ್ತಾರೆ. 2024ರ ಡಿಸೆಂಬರಿನಲ್ಲಿ ಸೋಲಂಗ್ ಮತ್ತು ಆ ಸುರಂಗದ ನಡುವೆ ಸಾವಿರದಷ್ಟು ವಾಹನಗಳು ಹಿಮದಲ್ಲಿ ಸಿಕ್ಕಿಕೊಂಡವು, ಪೊಲೀಸರು ರಾತ್ರಿ ಜನರನ್ನು ಹೊರತರಬೇಕಾಯಿತು. ನಿಮ್ಮಲ್ಲಿ ಯಾರಾದರೂ ಹೋಗುವುದಿದ್ದರೆ ದಯವಿಟ್ಟು ಸ್ಥಳೀಯ ಡ್ರೈವರ್ ಮಾತು ಕೇಳಿ. ವಾಪಸ್ ಹೋಗೋಣ ಎಂದು ಅವನು ಅಂದರೆ ಇನ್ನೊಂದು ಫೋಟೋ ಎಂದು ಹಟ ಹಿಡಿಯಬೇಡಿ. ನೀವೇ ಓಡಿಸುವ ಪ್ರಸಂಗ ಬಂದರೆ ಇಳಿಜಾರಿನಲ್ಲಿ ಬ್ರೇಕ್ ತುಳಿಯದೆ ಸಣ್ಣ ಗೇರಿನಲ್ಲಿ ಬಿಡಿ, ಮುಂದಿನ ವಾಹನದಿಂದ ಬಹಳ ದೂರ ಇರಿ. ನೀರು, ಕಂಬಳಿ, ತಿನ್ನಲು ಏನಾದರೂ ಕಾರಿನಲ್ಲಿರಲಿ. ಕಾರು ನಿಂತೇ ಹೋಗಿ ಹಿಮ ಬೀಳುತ್ತಿದ್ದರೆ, ಹೊಗೆ ಕೊಳವೆಯ ಬಾಯಿ ಮುಚ್ಚಿದೆಯೇ ಎಂದು ಇಳಿದು ನೋಡದೆ ಎಂಜಿನ್ ಓಡಿಸಬೇಡಿ. ಮುಚ್ಚಿದ್ದರೆ ವಿಷಾನಿಲ ಒಳಗೆ ತುಂಬುತ್ತದೆ, ಅದಕ್ಕೆ ವಾಸನೆ ಇರುವುದಿಲ್ಲ.

ಬುಧವಾರ ಮಧ್ಯಾಹ್ನ ಒಬ್ಬ ಅಪರಿಚಿತರ ಜೀಪಿನಲ್ಲಿ ಮಗಳ ಶಾಲೆ ಮುಟ್ಟಿದೆ. ಅವಳು ಕೈಗವಸಿಲ್ಲದೆ ಎರಡು ಕೈಗೂ ಕಾಲುಚೀಲ ಹಾಕಿಕೊಂಡು ಮೈದಾನದಲ್ಲಿ ಹಿಮದ ಗೊಂಬೆ ಮಾಡುತ್ತಿದ್ದಳು. ಟೀಚರ್ ಮೆಟ್ಟಿಲ ಮೇಲೆ ಕೂತಿದ್ದರು, ಹಿಂದಿನ ದಿನದ ಸೀರೆಯನ್ನು ನಾವು ಮರುದಿನ ಉಟ್ಟಾಗ ಹೇಗೆ ಕಾಣುತ್ತೇವೋ ಹಾಗೆ ಕಾಣುತ್ತಿದ್ದರು. ನಾನು ಅವರ ಕೈ ಹಿಡಿದುಕೊಂಡೆ, ಮಾತು ಬರಲಿಲ್ಲ.

ಎರಡು ವಾರದ ಮೇಲೆ, ಫೆಬ್ರುವರಿ 11ರ ಹೊತ್ತಿಗೆ, ಮತ್ತೊಂದು ಬಿರುಗಾಳಿ ಬಂತು. ಈ ಸಲ ಹಿಮದ ಜೊತೆ ಗಡ್ಡೆ ಕಟ್ಟುವ ಮಳೆ, ಮೊದಲಿನದಕ್ಕಿಂತ ಕೆಟ್ಟದ್ದು. ಕರೆಂಟು ಹೋಯಿತು, ಮರಗಳು ಮುರಿದುಬಿದ್ದವು. ಆದರೆ ಮುನ್ನಾದಿನವೇ ಎಲ್ಲ ಮುಚ್ಚಿದ್ದರು. ಟಿವಿಯಲ್ಲಿ ಹೆದ್ದಾರಿ ತೋರಿಸುತ್ತಿದ್ದರು, ಹದಿನಾರು ಸಾಲಿನ ರಸ್ತೆಯಲ್ಲಿ ಒಂದು ಕಾರಿಲ್ಲ. ಉಪ್ಪಿನ ಲಾರಿಯೊಂದು ಹಳದಿ ದೀಪ ಮಿನುಗಿಸುತ್ತಾ ನಿರಾತಂಕವಾಗಿ ಹೋಗುತ್ತಿತ್ತು.

ಮಾತು ಮುಗಿದ ಮೇಲೆ ಹಿಂದಿನ ಬೆಂಚಿನಿಂದ ಒಬ್ಬ ಹುಡುಗಿ ಎದ್ದು ಕೇಳಿದಳು: "ಮೇಡಂ, ಆಲಿಕಲ್ಲು ಬಿದ್ರೆ ನಾವು ಆರಿಸ್ಕೊಂಡು ತಿಂತೀವಿ. ಹಿಮ ತಿಂದು ನೋಡಿದ್ರಾ?" ತಿಂದಿದ್ದೇವೆ. ಆ ಎರಡನೇ ಸಲ, ಮನೆಯ ಹಿಂದಿನ ಅಂಗಳದಲ್ಲಿ ಯಾರೂ ತುಳಿಯದ ಜಾಗದಿಂದ ಮಗಳು ಸ್ಟೀಲ್ ಲೋಟದಲ್ಲಿ ತುಂಬಿಕೊಂಡು ಬಂದಳು. ಅಮ್ಮ ಕಟ್ಟಿ ಕಳಿಸಿದ್ದ ಜೋನಿಬೆಲ್ಲದ ಬಾಟಲಿ ಇತ್ತು. ಅದನ್ನು ಮೇಲಿನಿಂದ ಸುರಿದೆ. ಕೆಂಪು ಬೆಲ್ಲ ಬಿಳಿಯ ಮೇಲೆ ನಿಂತು, ಆಮೇಲೆ ನಿಧಾನವಾಗಿ ಒಳಗೆ ಇಳಿಯಿತು. ಅಮ್ಮನಿಗೆ ಫೋನ್ ಮಾಡಿ ಹೇಳಿದೆವು. "ಶೀತ ಆಗ್ತದೆ, ಸಾಕು ತಿಂದಿದ್ದು," ಅಂದಳು.